ಎಂಎಎಚ್ ನೋಡಿ ಪವರ್ ಪ್ಯಾಕ್ ತಗೋಬೇಡಿ

ರಾಜ್ಯೋತ್ಸವಕ್ಕೆ ಮುಂಚೆ ನಮ್ಮ ಸಂಘದ ಫೋಟೋ ತಂಡಕ್ಕೆ ಫ್ಲಾಶ್‌ಗೆ ಹಾಕೋ ಒಂದು ಎಕ್ಸ್‌ಟರ್ನಲ್ ಬ್ಯಾಟರಿ ಪ್ಯಾಕ್ ತಗೋಬೇಕು ಅಂತ ಗ್ರೂಪ್‌ನಲ್ಲಿ ಮಾತು ನಡೀತಿದೆ. ಯಾವುದು ತಗೋಳೋದು ಅಂತ ನಾಲ್ಕೈದು ಲಿಂಕ್ ಕೂಡ ಬಿದ್ದಿವೆ. ನಾನು ಅದರ ಕೆಳಗೆ "ಬೇಡ" ಅಂತ ಒಂದೇ ಪದ ಟೈಪ್ ಮಾಡಿದ್ದೆ. ಯಾಕೆ ಬೇಡ ಅಂತ ಕೇಳಿದವರು ಕೆಲವರು, "ದೊಡ್ಡ ಫೋಟೋಗ್ರಾಫರ್ ಬಂದ" ಅಂತ ನಕ್ಕವರು ಕೆಲವರು. ವಾಯ್ಸ್ ನೋಟಲ್ಲಿ ಹೇಳೋಕೆ ಹೋದರೆ ಹತ್ತು ನಿಮಿಷ ಆಗುತ್ತೆ, ಯಾರೂ ಕೇಳಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವನು ನಾನು. ಒತ್ತಕ್ಷರ ಅಲ್ಲಿ ಇಲ್ಲಿ ಜಾರಿದರೆ ಕ್ಷಮಿಸಿ, ಲೆಕ್ಕ ಜಾರಿದರೆ ಮಾತ್ರ ಬಿಡಬೇಡಿ.

ನನ್ನದು ಹದಡಿ. ನಮ್ಮ ಸೋದರಮಾವ ಊರಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟಿದ್ದಾನೆ. ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಶನ್, ಜೆರಾಕ್ಸ್ ವರ್ಷಪೂರ್ತಿ ಇರುತ್ತೆ. ಆದರೆ ಅವನ ನಿಜವಾದ ದುಡಿಮೆ ಅಂದ್ರೆ ಮದುವೆ ಸೀಸನ್. ಎಂಟನೇ ಕ್ಲಾಸಿಂದ ನಾನು ಅವನ ಬ್ಯಾಗ್ ಹಿಡಿಯೋನು. ಹದಡಿ, ಸುತ್ತಲ ಹಳ್ಳಿಗಳು, ದಾವಣಗೆರೆ ಪಿ.ಬಿ. ರಸ್ತೆಯ ಛತ್ರಗಳು, ಕೆಲವು ಸಲ ಹರಿಹರ, ಎಲ್ಲಾ ಕಡೆ ಹೋಗಿದೀನಿ. ಹಾಗಾಗಿ ಫ್ಲಾಶ್ ಅನ್ನೋ ವಸ್ತು ನನಗೆ ಯೂಟ್ಯೂಬ್‌ನಿಂದ ಗೊತ್ತಾದದ್ದಲ್ಲ.

ಮದುವೆಯಲ್ಲಿ ಫ್ಲಾಶ್‌ಗೆ ನಿಜವಾದ ಪರೀಕ್ಷೆ ತಾಳಿ ಕಟ್ಟೋ ಹೊತ್ತು ಅಂತ ಎಲ್ಲರೂ ಅಂದ್ಕೋತಾರೆ. ಅದು ಅರ್ಧ ಸತ್ಯ. ಅದಕ್ಕಿಂತ ಕಷ್ಟ ಹಿಂದಿನ ರಾತ್ರಿ ಆರತಕ್ಷತೆಯದ್ದು. ಮುಯ್ಯಿ ಕವರ್ ಹಿಡ್ಕೊಂಡ ಜನ ಸ್ಟೇಜಿನ ಮೆಟ್ಟಿಲಿಂದ ಊಟದ ಹಾಲ್‌ವರೆಗೂ ಸಾಲು ನಿಂತಿರ್ತಾರೆ. ಒಂದು ಮನೆಯವರು ಬರ್ತಾರೆ, ನಿಲ್ತಾರೆ, ಕ್ಲಿಕ್, ಇಳೀತಾರೆ. ಯಾರಾದರೂ ಕಣ್ಣು ಮುಚ್ಚಿದ್ರೆ ಇನ್ನೊಂದು ಕ್ಲಿಕ್ ಬೇಕು. ಆ ಇನ್ನೊಂದು ಕ್ಲಿಕ್‌ಗೆ ಫ್ಲಾಶ್ ರೆಡಿ ಇರಲ್ಲ. ಹಿಂಬದಿಯ ಲೈಟ್ ಹತ್ತೋವರೆಗೂ ಅದು ಕುಂಯ್ ಅಂತ ಸಣ್ಣಗೆ ಕೂಗ್ತಾ ಇರುತ್ತೆ. ಅಷ್ಟರಲ್ಲಿ ಅಜ್ಜಿ ಮೆಟ್ಟಿಲು ಇಳಿದಾಗಿರುತ್ತೆ. ಆಲ್ಬಮ್‌ನಲ್ಲಿ ಅಜ್ಜಿ ಕಣ್ಣು ಮುಚ್ಚೇ ಇರ್ತಾಳೆ, ಶಾಶ್ವತವಾಗಿ.

ಹೀಗೆ ಒಂದು ಮದುವೆಯಲ್ಲಿ ಮಾವ ತುಂಬಾ ಮಾತು ಕೇಳಿದ. ಹುಡುಗಿಯ ಅಜ್ಜ ಅಕ್ಕಿಕಾಳು ಹಾಕೋ ಫೋಟೋ ಕಪ್ಪಾಗಿ ಬಂದಿತ್ತು, ಯಾಕಂದ್ರೆ ಅದಕ್ಕೆ ಎರಡು ಸೆಕೆಂಡ್ ಮುಂಚೆ ಅವನು ಬೇರೆ ಯಾರದ್ದೋ ಫೋಟೋ ತೆಗೆದಿದ್ದ. ಅಜ್ಜ ಮದುವೆಯಾಗಿ ಎರಡು ತಿಂಗಳಿಗೆ ತೀರಿಕೊಂಡರು. ಅವರ ಮನೆಯವರು ಆ ಫೋಟೋ ಕೇಳ್ಕೊಂಡು ಸ್ಟುಡಿಯೋಗೆ ಬಂದ ದಿನ ನಾನೂ ಅಲ್ಲೇ ಕೂತಿದ್ದೆ. ಮಾವ ಕಂಪ್ಯೂಟರ್‌ನಲ್ಲಿ ಬ್ರೈಟ್‌ನೆಸ್ ಏರಿಸಿ ಏರಿಸಿ ನೋಡಿದ. ಮರಳು ಚೆಲ್ಲಿದ ಹಾಗೆ ಕಾಣ್ತಿತ್ತು.

ಅವತ್ತು ರಾತ್ರಿ ಅವನು ನನ್ನ ಕೇಳಿದ: "ಲೇ ತಮ್ಮಾ, ನೀ ಇಂಜಿನಿಯರಿಂಗ್ ಓದ್ತೀಯಲ್ಲ, ಈ ಫ್ಲಾಶ್‌ಗೆ ಹೊರಗಿಂದ ಹಾಕೋ ಬ್ಯಾಟ್ರಿ ಬರುತ್ತಂತೆ, ಯಾವ್ದು ತಗಳ್ಲಿ?"

ನಾನು ಆಗ ಫಸ್ಟ್ ಇಯರ್. ಮೊಬೈಲ್ ತೆಗೆದೆ, ಎಂಎಎಚ್ ನಂಬರ್ ಯಾವುದರದ್ದು ಜಾಸ್ತಿ ಅಂತ ನೋಡಿದೆ, ಬಜೆಟ್‌ಗೆ ಬರೋದರಲ್ಲಿ ಅತಿ ದೊಡ್ಡ ನಂಬರಿನ ಒಂದನ್ನ ಆರ್ಡರ್ ಮಾಡಿಸಿದೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಡಬ್ಬಿ, ಅದರಿಂದ ಸುರುಳಿ ವೈರ್ ಫ್ಲಾಶ್‌ಗೆ. ಎರಡು ಮದುವೆಯ ಲಾಭ ಅದಕ್ಕೇ ಹೋಯ್ತು. ಅದರ ಹೆಸರು ಇಲ್ಲಿ ಬೇಡ, ತಪ್ಪು ಅದರದ್ದಲ್ಲ.

ಮೊದಲ ಮದುವೆ ಭರ್ಜರಿ ನಡೀತು. ಒಂದೂವರೆ ಸೆಕೆಂಡ್‌ಗೆ ಫ್ಲಾಶ್ ರೆಡಿ. ಮಾವ ಮದುಮಗನಿಗಿಂತ ಖುಷಿಯಾಗಿದ್ದ. ಎರಡನೇ ಮದುವೆ ಒಂದು ಹಳ್ಳಿಯಲ್ಲಿ, ಶಾಮಿಯಾನದ ಕೆಳಗೆ, ಬೇಸಿಗೆ. ಆರತಕ್ಷತೆ ಶುರುವಾಗಿ ಅರ್ಧ ಗಂಟೆ ಆಗಿರಬೇಕು, ಏನೋ ಸುಟ್ಟ ವಾಸನೆ ಬಂತು. ಅಡುಗೆ ಮನೆ ಕಡೆಯಿಂದ ಅಂದ್ಕೊಂಡ್ವಿ. ನೋಡಿದರೆ ಫ್ಲಾಶಿನ ಮುಂದಿನ ಪ್ಲಾಸ್ಟಿಕ್ ಮಧ್ಯದಲ್ಲಿ ಕಾಫಿ ಕಲೆಯ ಹಾಗೆ ಕಂದಾಗಿ ಉಬ್ಬಿತ್ತು. ಆಮೇಲೆ ಅದು ಉರೀಲೇ ಇಲ್ಲ. ಉಳಿದ ಜನಕ್ಕೆ ವಿಡಿಯೋದವರ ಲೈಟಲ್ಲೇ ಫೋಟೋ ತೆಗೆದ್ವಿ. ಮಾವ ನನಗೆ ಏನೂ ಅನ್ಲಿಲ್ಲ. ಮನೆಗೆ ಬರೋವಾಗ ಬೈಕಲ್ಲೂ ಏನೂ ಮಾತಾಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಏನಾಯ್ತು ಅಂತ ನನಗೆ ಅರ್ಥ ಆಗಿದ್ದು ಆಮೇಲೆ, ಬೇಸಿಕ್ ಎಲೆಕ್ಟ್ರಿಕಲ್ ನೋಟ್ಸ್ ಮುಂದಿಟ್ಟುಕೊಂಡು ಕೂತಾಗ. ಪರೀಕ್ಷೆಗೆ ಬರೆದು ಮರೆತಿದ್ದ ಫಾರ್ಮುಲಾಗಳೇ.

ಫ್ಲಾಶಿನ ಒಳಗೆ ಒಂದು ದಪ್ಪ ಕೆಪಾಸಿಟರ್ ಇರುತ್ತೆ. ಸೆಲ್ಲಿನ ಆರು ವೋಲ್ಟನ್ನ ಒಂದು ಸರ್ಕ್ಯೂಟ್ ಸುಮಾರು 330 ವೋಲ್ಟ್‌ಗೆ ಏರಿಸಿ ಆ ಕೆಪಾಸಿಟರ್ ತುಂಬಿಸುತ್ತೆ. ಆ ಕುಂಯ್ ಸದ್ದು ಅದೇ. ಕ್ಲಿಕ್ ಮಾಡಿದಾಗ ಅಷ್ಟೂ ಶಕ್ತಿ ಕ್ಸೆನಾನ್ ಟ್ಯೂಬಿನ ಮೂಲಕ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಬೆಳಕಾಗಿ ಹೋಗಿಬಿಡುತ್ತೆ. ಕ್ಯಾಮೆರಾ ಮೇಲೆ ಕೂರೋ ದೊಡ್ಡ ಸೈಜಿನ ಫ್ಲಾಶ್‌ಗೆ 1400 ಮೈಕ್ರೊಫ್ಯಾರಡ್ ಅಂತಿಟ್ಕೊಳ್ಳಿ. ಅರ್ಧ ಸಿ ವಿ ಸ್ಕ್ವೇರ್ ಹಾಕಿ. 76 ಜೌಲ್ ಬರುತ್ತೆ. ದಾರಿಯಲ್ಲಿ ಮೂರನೇ ಒಂದು ಭಾಗ ವೇಸ್ಟ್ ಆಗುತ್ತೆ ಅಂತ ತಗೊಂಡರೆ ಒಂದು ಫುಲ್ ಫ್ಲಾಶ್‌ಗೆ ಸೆಲ್ಲುಗಳು 115 ಜೌಲ್ ಕೊಡಬೇಕು.

ಈಗ ಸೆಲ್ಲಿನ ಕಡೆ ನೋಡಿ. ರೀಚಾರ್ಜ್ ಮಾಡೋ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್, 2000 ಎಂಎಎಚ್. ನಾಲ್ಕು ಸೆಲ್ಲಿಗೆ 9.6 ವ್ಯಾಟ್ ಅವರ್, ಅಂದ್ರೆ 34,500 ಜೌಲ್ ಚಿಲ್ಲರೆ. 115ರಿಂದ ಭಾಗಿಸಿ. 300 ಫುಲ್ ಫ್ಲಾಶ್! ಒಂದು ಸೆಟ್ ಸೆಲ್ಲಲ್ಲಿ ಹೆಚ್ಚುಕಡಿಮೆ ಒಂದು ಆರತಕ್ಷತೆ ಮುಗಿಯುತ್ತೆ. ಮಾವನಿಗೆ ಯಾವತ್ತೂ "ಕರೆಂಟ್ ಖಾಲಿ" ಅನ್ನೋ ಸಮಸ್ಯೆ ಇರಲೇ ಇಲ್ಲ. ಅವನ ಸಮಸ್ಯೆ ಎರಡು ಫ್ಲಾಶ್‌ಗಳ ಮಧ್ಯದ ಸಮಯದ್ದು. ನಾನು ಟ್ಯಾಂಕಿನ ಸೈಜ್ ನೋಡಿದೆ, ನಲ್ಲಿಯ ಸೈಜ್ ನೋಡಲಿಲ್ಲ. ನಮ್ಮ ಕಡೆ ಭದ್ರಾ ನಾಲೆ ನೀರಿಗೆ ಕಾಯೋ ಯಾವ ರೈತನನ್ನಾದರೂ ಕೇಳಿ, ಡ್ಯಾಂ ತುಂಬಿದ್ರೆ ಸಾಕಾ, ತೂಬಿನಲ್ಲಿ ಎಷ್ಟು ಬರುತ್ತೆ ಅನ್ನೋದು ಮುಖ್ಯ ಅಲ್ವಾ ಅಂತಾರೆ.

ಆ ನಲ್ಲಿ ಅಂದ್ರೆ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್. ಮೂರು ಸೆಕೆಂಡಲ್ಲಿ 115 ಜೌಲ್ ಬೇಕು ಅಂದ್ರೆ 38 ವ್ಯಾಟ್. 4.8 ವೋಲ್ಟ್‌ಗೆ ಅದು ಸುಮಾರು 8 ಆಂಪಿಯರ್. ನಿಮ್ಮ ಮೊಬೈಲ್ ಚಾರ್ಜರ್ ಮೇಲೆ ಬರೆದಿರೋ ಆಂಪಿಯರ್ ನೋಡಿ, ಆಗ ಇದು ಎಷ್ಟು ಅಂತ ಗೊತ್ತಾಗುತ್ತೆ. ಅಂಗಡಿಯಲ್ಲಿ ಸಿಗೋ ಆಲ್ಕಲೈನ್ ಸೆಲ್ಲಿನ ಒಳ ರೆಸಿಸ್ಟೆನ್ಸ್ ಹೊಸದಿದ್ದಾಗಲೇ 0.2 ಓಮ್ ಹತ್ತಿರ ಇರುತ್ತೆ. ನಾಲ್ಕಕ್ಕೆ 0.8. ಎಂಟು ಆಂಪಿಯರ್ ಎಳೆಯೋಕೆ ಹೋದರೆ 6.4 ವೋಲ್ಟ್ ಸೆಲ್ಲಿನ ಒಳಗೇ ಕಳೆದುಹೋಗಬೇಕು. ಇರೋದೇ 6! ಅಂದ್ರೆ ಆ ಕರೆಂಟ್ ಅದರಿಂದ ಸಾಧ್ಯವೇ ಇಲ್ಲ. ಫ್ಲಾಶ್ ಪಾಪ ಸಿಕ್ಕಷ್ಟು ಎಳ್ಕೊಂಡು ಐದು ಸೆಕೆಂಡ್, ಏಳು ಸೆಕೆಂಡ್ ತಗೊಳ್ಳುತ್ತೆ. ಸೆಲ್ ಹಳೇದಾದಂತೆ ಇನ್ನೂ ಜಾಸ್ತಿ. ರೀಚಾರ್ಜ್ ಸೆಲ್ಲಿನ ಒಳ ರೆಸಿಸ್ಟೆನ್ಸ್ ಇದಕ್ಕಿಂತ ಎಷ್ಟೋ ಕಡಿಮೆ, ಒಳ್ಳೇ ಸೆಲ್ ಆದರೆ 0.03 ಓಮ್ ಲೆಕ್ಕ. ಅದಕ್ಕೇ 1.5 ವೋಲ್ಟಿನ ಸೆಲ್ಲಿಗಿಂತ 1.2 ವೋಲ್ಟಿನ ಸೆಲ್ ಬೇಗ ತುಂಬಿಸುತ್ತೆ. ಇದನ್ನ ಮಾವನಿಗೆ ಹೇಳಿದಾಗ ಅವನು ನಂಬಲಿಲ್ಲ. ನನಗೂ ಲೆಕ್ಕ ಮಾಡೋವರೆಗೂ ನಂಬಿಕೆ ಇರಲಿಲ್ಲ. ಅಲ್ಲಿಯವರೆಗೆ ಅವನು ಹಾಕ್ತಿದ್ದದ್ದು ಯಾವುದು ಗೊತ್ತಾ? ಮದುವೆಗೆ ಹೋಗೋ ದಾರಿಯಲ್ಲಿ ಅಂಗಡಿಯಲ್ಲಿ ತಗೊಂಡ ಆಲ್ಕಲೈನ್. ನಾನು ಪ್ಯಾಕ್ ಆರ್ಡರ್ ಮಾಡೋ ಮುಂಚೆ ಆ ಸೆಲ್ಲಿನ ಮೇಲೆ ಏನು ಬರೆದಿದೆ ಅಂತ ತಿರುಗಿಸಿಯೂ ನೋಡಿರಲಿಲ್ಲ.

ಇನ್ನು ಪ್ಯಾಕ್ ಏನು ಮಾಡುತ್ತೆ? ದೊಡ್ಡ ಫ್ಲಾಶ್‌ಗಳಿಗೆ ಮೂರು ತೂತಿನ ಒಂದು ಸಾಕೆಟ್ ಇರುತ್ತೆ. ಪ್ಯಾಕಿನ ಒಳಗೇ ಇನ್ನೊಂದು ವೋಲ್ಟೇಜ್ ಏರಿಸೋ ಸರ್ಕ್ಯೂಟ್ ಇದ್ದು, ಅದು 300 ವೋಲ್ಟ್ ಆಸುಪಾಸನ್ನ ನೇರ ಕೆಪಾಸಿಟರ್‌ಗೆ ಕಳಿಸುತ್ತೆ. ಕ್ಯಾನನ್‌ನ ಸಿಪಿ-ಇ4, ನಿಕಾನ್‌ನ ಎಸ್‌ಡಿ-9 ಎರಡೂ ಎಂಟು ಎಎ ಸೆಲ್ ಹಾಕೋ ಡಬ್ಬಿಗಳು. ಗೊಡಾಕ್ಸ್‌ನ ಪಿಬಿ960 ಲಿಥಿಯಂ, 11.1 ವೋಲ್ಟ್, 4500 ಎಂಎಎಚ್. ಇಲ್ಲೇ ನಾನು ಎಡವಿದ್ದು. ನಮ್ಮ ಹಾಸ್ಟೆಲ್ ರೂಮಿನ ಪವರ್ ಬ್ಯಾಂಕ್ 20,000 ಎಂಎಎಚ್ ಅಂತ ಬರ್ಕೊಂಡಿರುತ್ತೆ, ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ, 74 ವ್ಯಾಟ್ ಅವರ್. 11.1 ವೋಲ್ಟಿನ 4500 ಅಂದ್ರೆ 50 ವ್ಯಾಟ್ ಅವರ್. ಎಂಎಎಚ್ ನೋಡಿದ್ರೆ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ, ನಿಜವಾದ ಶಕ್ತಿ ನೋಡಿದ್ರೆ ಒಂದೂವರೆ ಪಟ್ಟು. ವೋಲ್ಟೇಜ್ ಹೇಳದೆ ಎಂಎಎಚ್ ಹೇಳೋದು ಅಂದ್ರೆ ಚೀಲದ ಸೈಜ್ ಹೇಳದೆ "ಹತ್ತು ಚೀಲ ಮೆಕ್ಕೆಜೋಳ" ಅಂದ ಹಾಗೆ. ಗ್ರೂಪಲ್ಲಿ ಬಿದ್ದಿರೋ ಲಿಂಕ್‌ಗಳಲ್ಲಿ ಒಂದರಲ್ಲಿ 18650 ಸೆಲ್ ಒಂದಕ್ಕೇ 9800 ಎಂಎಎಚ್ ಅಂತ ಇದೆ. ಒಳ್ಳೇ ಕಂಪನಿಯ 18650 ಸೆಲ್ 3500 ಆಸುಪಾಸಿಗೆ ನಿಲ್ಲುತ್ತೆ. ಅದನ್ನ ಕಳಿಸಿದವನು ಯಾರು ಅಂತ ಹೇಳಲ್ಲ, ನನ್ನ ಬೆಂಚ್‌ಮೇಟ್.

ಇನ್ನೊಂದು ಥರದ ಪ್ಯಾಕ್ ಇದೆ. ಸೆಲ್ ಹಾಕೋ ಜಾಗಕ್ಕೆ ಡಮ್ಮಿ ಸೆಲ್ ತೂರಿಸಿ ಹೊರಗಿಂದ ಆರು ವೋಲ್ಟ್ ಕೊಡೋದು. ಅದರಲ್ಲಿ ಫ್ಲಾಶ್‌ಗಳ ಸಂಖ್ಯೆ ಹೆಚ್ಚುತ್ತೆ, ವೇಗ ಅಷ್ಟೇನೂ ಹೆಚ್ಚಲ್ಲ, ಯಾಕಂದ್ರೆ ಫ್ಲಾಶಿನ ಒಳಗಿನ ಅದೇ ಸರ್ಕ್ಯೂಟ್ ಕೆಲಸ ಮಾಡಬೇಕು.

ಮೂರು ತೂತಿನ ಥರದ್ದರಲ್ಲಿ ಒಂದು ತಮಾಷೆ ಇದೆ. ಪ್ಯಾಕ್ ಹಾಕಿದರೂ ಫ್ಲಾಶಿನ ಒಳಗಿನ ನಾಲ್ಕು ಸೆಲ್ ಇರಲೇಬೇಕು. ಡಿಸ್‌ಪ್ಲೇ, ಜೂಮ್ ಮೋಟಾರ್, ಕ್ಯಾಮೆರಾ ಜೊತೆ ಮಾತುಕತೆ ಎಲ್ಲಾ ಅದರಿಂದಲೇ. ಮಾವ ಮೊದಲ ದಿನ "ಪ್ಯಾಕ್ ಐತಲ್ಲ" ಅಂತ ಸೆಲ್ ತೆಗೆದಿಟ್ಟ. ಪ್ಯಾಕೇ ಡೆಡ್ ಅಂತ ಇಬ್ಬರೂ ಒಂದು ಗಂಟೆ ಗಾಬರಿ ಬಿದ್ದಿದ್ವಿ.

ಸುಟ್ಟ ವಾಸನೆಗೆ ಬರ್ತೀನಿ. 76 ಜೌಲ್‌ನಲ್ಲಿ ಬೆಳಕಾಗಿ ಹೊರಗೆ ಹೋಗೋದು ಒಂದಿಷ್ಟು, ಉಳಿದದ್ದೆಲ್ಲ ಟ್ಯೂಬಿನ ಸುತ್ತ ಬಿಸಿ. ಪ್ಯಾಕ್ ಹಾಕಿ ಒಂದೂವರೆ ಸೆಕೆಂಡಿಗೆ ಒಂದು ಫುಲ್ ಫ್ಲಾಶ್ ಹೊಡೆದರೆ ಟ್ಯೂಬಿಗೆ ಹೋಗೋ ಪವರ್ 50 ವ್ಯಾಟ್. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟ್. ಅಂಥ ಎರಡನ್ನ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟಂಗೆ. ದುರ್ಬಲ ಸೆಲ್ ಇದ್ದಾಗ ಫ್ಲಾಶ್ ನಿಧಾನ ಇತ್ತು, ಆ ನಿಧಾನದಲ್ಲೇ ಅದು ತಣ್ಣಗಾಗ್ತಿತ್ತು. ನಾನು ಆ ನಿಧಾನವನ್ನ ತೆಗೆದುಹಾಕಿಸಿದೆ. ನಿಕಾನ್ 2008ರಲ್ಲಿ ತಂದ ಎಸ್‌ಬಿ-900 ಬಿಸಿಯಾದರೆ ತಾನೇ ನಿಂತುಬಿಡ್ತಿತ್ತು. ಮದುವೆ ಫೋಟೋಗ್ರಾಫರ್‌ಗಳು ಅದಕ್ಕೆ ಬೈದದ್ದು ಅಷ್ಟಿಷ್ಟಲ್ಲ. 2011ರ ಎಸ್‌ಬಿ-910ರಲ್ಲಿ ನಿಲ್ಲಿಸೋ ಬದಲು ಚಾರ್ಜ್ ಆಗೋದನ್ನ ನಿಧಾನ ಮಾಡಿದರು. ಮಾವನ ಅಗ್ಗದ ಫ್ಲಾಶ್‌ಗೆ ಸಾಕೆಟ್ ಇತ್ತು, ಈ ಬುದ್ಧಿ ಇರಲಿಲ್ಲ. ಮ್ಯಾನುಯಲ್‌ನಲ್ಲಿ ಇಷ್ಟು ಫುಲ್ ಫ್ಲಾಶ್ ಸತತ ಹೊಡೆದ ಮೇಲೆ ಹತ್ತು ನಿಮಿಷ ಬಿಡಿ ಅಂತ ಸ್ಪಷ್ಟ ಬರೆದಿತ್ತು. ಮ್ಯಾನುಯಲ್ ಪ್ಲಾಸ್ಟಿಕ್ ಕವರ್‌ನಿಂದ ಹೊರಗೇ ಬಂದಿರಲಿಲ್ಲ.

ಹಾಗಾದ್ರೆ ಮಾವ ಯಾವಾಗಲೂ ಫುಲ್ ಪವರ್ ಯಾಕೆ ಹೊಡೀತಿದ್ದ? ಇದು ನನಗೆ ಅತಿ ಹೆಚ್ಚು ಇಷ್ಟದ ಭಾಗ. ಅವನು ಫಿಲ್ಮ್ ರೋಲ್ ಕಾಲದಲ್ಲಿ ಕಲಿತವನು. 100 ಐಎಸ್‌ಒ, 200 ಐಎಸ್‌ಒ ರೋಲ್. ಡಿಜಿಟಲ್ ಕ್ಯಾಮೆರಾ ಬಂದ ಮೇಲೂ 200 ದಾಟಿದ್ರೆ ಫೋಟೋ ಹಾಳು ಅನ್ನೋ ಭಯ ಹೋಗಿರಲಿಲ್ಲ. 400ರಿಂದ 1600ಕ್ಕೆ ಏರಿಸಿದರೆ ಅದೇ ಫೋಟೋಗೆ ಫ್ಲಾಶಿನ ಕಾಲು ಭಾಗ ಶಕ್ತಿ ಸಾಕು. ಕೆಪಾಸಿಟರ್ ಪೂರ್ತಿ ಖಾಲಿ ಆಗಲ್ಲ, ಮೂರು ಸೆಕೆಂಡ್ ಇದ್ದದ್ದು ಒಂದರ ಒಳಗೆ ಬರುತ್ತೆ, ಬಿಸಿ ಕೂಡ ಕಾಲು ಭಾಗ. ದುಡ್ಡು ಸೊನ್ನೆ. ಈಗಿನ ಕ್ಯಾಮೆರಾಗಳಲ್ಲಿ ಆಲ್ಬಮ್ ಸೈಜಿಗೆ 1600 ಏನೂ ಅಲ್ಲ.

ಆದರೆ ಇದು ಎಲ್ಲಾ ಕಡೆ ನಡೆಯಲ್ಲ, ಅದನ್ನೂ ಹೇಳಬೇಕು. ಬಿಳಿ ಸೀಲಿಂಗ್ ಇರೋ ಛತ್ರದಲ್ಲಿ ಫ್ಲಾಶ್ ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಬಹುದು, ಚೆನ್ನಾಗಿ ಬರುತ್ತೆ. ಹಳ್ಳಿಯ ಶಾಮಿಯಾನದಲ್ಲಿ ಮೇಲೆ ಇರೋದು ಗುಲಾಬಿ ಹಳದಿ ಬಟ್ಟೆ. ಬೌನ್ಸ್ ಮಾಡಿದ್ರೆ ಮದುಮಗಳಿಗೆ ಕಾಮಾಲೆ ಬಂದಂಗೆ ಕಾಣುತ್ತೆ. ರಾತ್ರಿ ಮೆರವಣಿಗೆಯಲ್ಲಿ ಮೇಲೆ ಇರೋದು ಆಕಾಶ ಮಾತ್ರ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತೆ. ಅಂಥ ಕೆಲಸ ವಾರಕ್ಕೆ ನಾಲ್ಕು ದಿನ ಮಾಡೋರಿಗೆ, ಬಿಸಿ ತಡೆಯೋ ಫ್ಲಾಶ್ ಇರೋರಿಗೆ, ಪ್ಯಾಕ್ ನಿಜವಾಗಿ ಬೇಕು. ನಾನು ಅವರಿಗೆ ಬೇಡ ಅನ್ನಲ್ಲ. ಇವತ್ತು ಹೊಸ ಫ್ಲಾಶ್ ತಗೊಳ್ಳೋರಿಗಂತೂ ಲಿಥಿಯಂ ಬ್ಯಾಟರಿ ಒಳಗೇ ಇರೋವೇ ಸಿಗ್ತವೆ. ಗೊಡಾಕ್ಸ್ ವಿ860 ಎರಡನೇ ಮಾದರಿಯಲ್ಲಿ 11.1 ವೋಲ್ಟ್, 2000 ಎಂಎಎಚ್ ಬ್ಯಾಟರಿ ಇದೆ. ಒಂದು ಬ್ಯಾಟರಿ ಜೇಬಲ್ಲಿ ಎಕ್ಸ್‌ಟ್ರಾ ಇದ್ದರೆ ಸೊಂಟದ ಡಬ್ಬಿ, ವೈರ್ ಯಾವುದೂ ಬೇಡ. ವೈರ್ ಅಂದ್ರೆ ನೆನಪಾಯ್ತು, ಒಬ್ಬರ ಕುಬುಸದ ಕೊಂಡಿಗೆ ಸಿಕ್ಕಿಹಾಕ್ಕೊಂಡು ಮಾವ ಸ್ಟೇಜ್ ಮೇಲೆ ಕ್ಷಮೆ ಕೇಳಿದ್ದು ಇನ್ನೊಂದು ಕಥೆ.

"ನಾವೇ ಮಾಡೋಣ, ಇಂಜಿನಿಯರಿಂಗ್ ಸ್ಟೂಡೆಂಟ್ಸ್ ಅಲ್ವಾ" ಅಂತ ಮೂರು ಜನ ಮೆಸೇಜ್ ಹಾಕಿದ್ದೀರಿ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ, ಬೂಸ್ಟ್ ಸರ್ಕ್ಯೂಟ್ ಹಾಕಿ. ಇದಕ್ಕೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅಂತೀನಿ. 330 ವೋಲ್ಟ್, 76 ಜೌಲ್, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತೆ. ಅದು ಎದೆ ಮೂಲಕ ಹಾದರೆ ಜೀವ ಹೋಗಬಹುದು. ಸುಟ್ಟ ಫ್ಲಾಶ್ ರಿಪೇರಿಗೆ ಕೊಟ್ಟಾಗ ಅಂಗಡಿಯಣ್ಣ ಸ್ಕ್ರೂಡ್ರೈವರ್‌ನಲ್ಲಿ ಕೆಪಾಸಿಟರ್ ಶಾರ್ಟ್ ಮಾಡಿ ತೋರಿಸಿದ. ಪಟಾಕಿ ಹೊಡೆದಂಗೆ ಸದ್ದು, ಸ್ಕ್ರೂಡ್ರೈವರ್ ತುದಿಯಲ್ಲಿ ಒಂದು ಸಣ್ಣ ಗುಳಿ. ಅವನು ಹೀಗೆ ಮಾಡಬಾರದು, ರೆಸಿಸ್ಟರ್ ಹಾಕಿ ಇಳಿಸಬೇಕು. ಆದರೂ ಅದನ್ನ ನೋಡಿದ್ದು ಒಳ್ಳೇದಾಯ್ತು. ಪ್ರಾಜೆಕ್ಟ್ ಮಾಡೋ ಆಸೆ ಇದ್ರೆ ಎಎ ಸೆಲ್ ಟೆಸ್ಟರ್ ಮಾಡಿ, ಒಳ ರೆಸಿಸ್ಟೆನ್ಸ್ ತೋರಿಸೋ ಥರದ್ದು. ನಾನೂ ಬರ್ತೀನಿ.

ಮಾವನ ಈಗಿನ ವ್ಯವಸ್ಥೆ ಹೇಳ್ತೀನಿ. ಸುಟ್ಟದ್ದಕ್ಕೆ ಹೊಸ ಟ್ಯೂಬ್ ಬಿದ್ದಿದೆ. ಪ್ಯಾಕನ್ನ ಒಬ್ಬ ದೊಡ್ಡ ಸ್ಟುಡಿಯೋದವರಿಗೆ ಅರ್ಧ ಬೆಲೆಗೆ ಕೊಟ್ಟ. ಆ ದುಡ್ಡಲ್ಲಿ ಎನೆಲೂಪ್ ಬಿಳಿ ಸೆಲ್ ಹನ್ನೆರಡು, ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡಿ ಚಾರ್ಜ್ ಮಾಡೋ ಚಾರ್ಜರ್ ಒಂದು ಬಂದವು. ಎನೆಲೂಪ್ ಸ್ಯಾನ್ಯೊ ಕಂಪನಿ 2005ರಲ್ಲಿ ತಂದದ್ದು, ಈಗ ಪ್ಯಾನಸಾನಿಕ್‌ನವರದ್ದು. ಇಟ್ಟಲ್ಲೇ ಖಾಲಿಯಾಗೋ ಹಳೇ ರೀಚಾರ್ಜ್ ಸೆಲ್ಲಿನ ರೋಗ ಇದಕ್ಕೆ ಇಲ್ಲ. ಊರಲ್ಲಿ ಕರೆಂಟ್ ಹೋದರೂ ತೊಂದರೆ ಇಲ್ಲ, ಹಿಂದಿನ ವಾರವೇ ತುಂಬಿಸಿಡಬಹುದು. ಸೆಟ್ ಕಲೆಸಬಾರದು ಅನ್ನೋದು ಮುಖ್ಯ. ನಾಲ್ಕರಲ್ಲಿ ಒಂದು ಸೋತ ಸೆಲ್ ಇದ್ದರೆ ಉಳಿದ ಮೂರನ್ನೂ ಹಿಡಿದು ಎಳೆಯುತ್ತೆ. ಅತ್ತೆಯ ನೇಲ್ ಪಾಲಿಶ್ ಇಸ್ಕೊಂಡು ಒಂದು ಸೆಟ್ಟಿಗೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು ಇಟ್ಟಿದೀವಿ. ಫ್ಲಾಶ್ ನಿಧಾನ ಅನಿಸಿದ ಕೂಡಲೇ ಸೆಟ್ ಬದಲು. ಈ ಸೀಸನ್‌ನಲ್ಲಿ ಮೂರನೇ ಸೆಟ್ ಜೇಬಿಂದ ಹೊರಗೆ ಬಂದದ್ದು ಒಂದೇ ಸಲ. ಐಎಸ್‌ಒ 1600 ಮಾಡೋದನ್ನ ಮಾತ್ರ ಅವನಿಗೆ ಪ್ರತಿ ಸಲ ನೆನಪಿಸಬೇಕು.

ಈಗ ನಮ್ಮ ಸಂಘದ ವಿಷಯ. ರಾಜ್ಯೋತ್ಸವ ಕಾರ್ಯಕ್ರಮ ಆಡಿಟೋರಿಯಂ ಒಳಗೆ, ಬಿಳಿ ಸೀಲಿಂಗ್, ಸ್ಟೇಜ್ ಲೈಟ್ ಬೇರೆ ಇದೆ. ನಿನ್ನೆ ಸಂಘದ ಬೀರು ತೆಗೆಸಿ ನಮ್ಮ ಫ್ಲಾಶನ್ನ ನಾಲ್ಕೂ ಕಡೆ ತಿರುಗಿಸಿ ನೋಡಿದೆ. ಆ ಮೂರು ತೂತಿನ ಸಾಕೆಟ್ಟೇ ಅದಕ್ಕಿಲ್ಲ! ಎಲ್ಲಾ ಫ್ಲಾಶ್‌ಗೂ ಅದು ಇರಲ್ಲ. ಕ್ಯಾನನ್‌ನಲ್ಲಿ 580ಇಎಕ್ಸ್‌ಗೆ ಇದೆ, 430ಇಎಕ್ಸ್‌ಗೆ ಇಲ್ಲ. ನಿಕಾನ್‌ನಲ್ಲಿ ಎಸ್‌ಬಿ-910ಕ್ಕೆ ಇದೆ, ಎಸ್‌ಬಿ-700ಕ್ಕೆ ಇಲ್ಲ. ಗ್ರೂಪಲ್ಲಿ ಬಿದ್ದ ಲಿಂಕ್‌ಗಳಲ್ಲಿ ಒಂದೂ ನಮ್ಮದಕ್ಕೆ ಕೂರಲ್ಲ. ಒಳಗಿದ್ದ ನಾಲ್ಕು ಸೆಲ್ಲಲ್ಲಿ ಎರಡು ಒಂದು ಕಂಪನಿ, ಎರಡು ಇನ್ನೊಂದು. ಒಂದು ಸೋರಿ ಬಿಳಿ ಪುಡಿ ಹಿಡಿದಿತ್ತು, ಅದನ್ನ ಒರೆಸಿದೀನಿ.

ಗುರುವಾರ ಮೀಟಿಂಗ್‌ಗೆ ಮಾವನ ಒಂದು ಚುಕ್ಕಿ ಸೆಟ್ ತರ್ತೀನಿ, ಆ ಹಳೇ ಸೆಲ್‌ಗಳಲ್ಲಿ ಸೋರದೆ ಉಳಿದದ್ದಕ್ಕೆ ಜೋಡಿ ಹುಡುಕಿ ಅದನ್ನೂ ತರ್ತೀನಿ. ಮೊಬೈಲಲ್ಲಿ ಸ್ಟಾಪ್‌ವಾಚ್ ಇರುತ್ತೆ. ಫುಲ್ ಪವರ್‌ನಲ್ಲಿ ಹತ್ತು ಸಲ, ಮಧ್ಯೆ ಬಿಡುವು ಕೊಟ್ಟು, ಲೈಟ್ ಹತ್ತೋ ಸಮಯ ಬರೆದುಕೊಳ್ಳೋಣ. ಯಾರಾದರೂ ಒಬ್ಬರು ಬೋರ್ಡ್ ಮೇಲೆ ಬರೆಯೋಕೆ ಬನ್ನಿ, ನನ್ನ ಕೈಬರಹ ನಿಮಗೆ ಗೊತ್ತಲ್ಲ.